ಲಂಬ ರೇಖೆ ಎಳೆಯುವುದು: ಸೂತ್ರಕ್ಕೆ ಮೊದಲು ಹಾಳೆ ತಿರುಗಿಸಿ

ಸಂಜೆ ನನ್ನ ಹತ್ರ ಲೆಕ್ಕ ಹೇಳಿಸಿಕೊಳ್ಳೋಕೆ ಬರುವವರಲ್ಲಿ ಮೊದಲ ಪಿಯುಸಿ ಮಕ್ಕಳೇ ಜಾಸ್ತಿ. ಎರಡು ಗೆರೆ ಒಂದಕ್ಕೊಂದು ಲಂಬವಾಗಿರಬೇಕಾದರೆ ಏನಾಗಬೇಕು ಅಂತ ಕೇಳಿದರೆ ಸಾಕು, ‘ಸ್ಲೋಪ್‌ಗಳ ಗುಣಲಬ್ಧ ಮೈನಸ್ ಒಂದು, ಸರ್’ ಅಂತ ಒಟ್ಟಿಗೇ ಹೇಳುತ್ತಾರೆ. ಸ್ಲೋಪ್ ಅಂದರೆ ಗೆರೆಯ ಓರೆ, ಮೇಲಕ್ಕೆ ಏರಿದ್ದನ್ನು ಬಲಕ್ಕೆ ಹೋದದ್ದರಿಂದ ಭಾಗಿಸಿದ್ದು. ಸರಿ, ಈ ಗೆರೆಗೆ ಲಂಬವಾಗಿ ಒಂದು ಎಳೆಯಿರಿ ಅಂದರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಇದರಲ್ಲಿ ಅವರ ತಪ್ಪೇನಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗ್ರಾಫ್ ಅಂದರೆ ಟೇಬಲ್ ಮಾಡು, ಚುಕ್ಕೆ ಇಡು, ಸೇರಿಸು. ಪಿಯುಸಿಗೆ ಬಂದಾಗ ಸ್ಲೋಪ್ ಸೀದಾ ಟ್ಯಾನ್ ಥೀಟಾ ಜೊತೆ ಬಂದು ಕೂರುತ್ತದೆ. ಹಾಳೆಗೂ ಸೂತ್ರಕ್ಕೂ ನಂಟೇ ಬೆಳೆದಿರುವುದಿಲ್ಲ.

ಅದಕ್ಕೇ ನಾನು ಸೂತ್ರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ವೈ = (2/3)ಎಕ್ಸ್ + 1 ಎಳೆಸುತ್ತೇನೆ, ಟೇಬಲ್ ಇಲ್ಲದೆ. ವೈ ಅಕ್ಷದಲ್ಲಿ 1ರ ಮೇಲೆ ಚುಕ್ಕೆ. ಅಲ್ಲಿಂದ ಬಲಕ್ಕೆ 3 ಮನೆ, ಮೇಲಕ್ಕೆ 2 ಮನೆ. (3, 3) ಸಿಕ್ಕಿತು, ಸೇರಿಸಿದರೆ ಗೆರೆ ಆಯಿತು. ನಡೆದ ದಾರಿಯನ್ನು ಅಳಿಸಬೇಡಿ ಅನ್ನುತ್ತೇನೆ. ಗೆರೆಯ ಕೆಳಗೆ ಅದೊಂದು ಲಂಬಕೋನ ತ್ರಿಭುಜವಾಗಿ ಕಾಣುತ್ತದೆ. ಮುಂದಿನ ಕೆಲಸವೆಲ್ಲ ಅದರದ್ದೇ.

ಟ್ರೇಸಿಂಗ್ ಪೇಪರಿನ ಒಂದು ತುಂಡನ್ನು ಮೇಲಿಟ್ಟು ಗೆರೆಯನ್ನೂ ತ್ರಿಭುಜವನ್ನೂ ಅದರ ಮೇಲೆ ಎಳೆದುಕೊಳ್ಳಬೇಕು. ಆಮೇಲೆ (3, 3)ರ ಮೇಲೆ ಕೈವಾರದ ಮೊನೆ ಊರಿ, ಪೇಪರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಬೇಕು. (0, 1)ರಲ್ಲಿದ್ದ ತುದಿ ಸರಿಯಾಗಿ (5, 0)ಕ್ಕೆ ಬಂದು ಕೂರುತ್ತದೆ. ಬಲಕ್ಕೆ 3 ಇದ್ದದ್ದು ಈಗ ಮೇಲಕ್ಕೆ 3. ಮೇಲಕ್ಕೆ 2 ಇದ್ದದ್ದು ಎಡಕ್ಕೆ 2. ಎಡಕ್ಕೆ ಅಂದರೆ ಮೈನಸ್ ಅಲ್ವಾ? ಹೊಸ ಸ್ಲೋಪ್ −3/2. ಭಿನ್ನರಾಶಿ ಯಾಕೆ ತಲೆಕೆಳಗಾಯಿತು, ಮೈನಸ್ ಎಲ್ಲಿಂದ ಬಂತು, ಎರಡನ್ನೂ ಬಾಯಲ್ಲಿ ಹೇಳುವ ಕೆಲಸವೇ ಉಳಿಯಲಿಲ್ಲ. 2/3 ಮತ್ತು −3/2 ಗುಣಿಸಿದರೆ −1. ಆ ಸೂತ್ರ ಅಷ್ಟೇ.

ಪ್ರತಿ ಬ್ಯಾಚಿನಲ್ಲೂ ಇಷ್ಟಕ್ಕೆ ಒಪ್ಪದ ಒಬ್ಬರು ಇದ್ದೇ ಇರುತ್ತಾರೆ, ನನಗೆ ಅಂಥವರೇ ಇಷ್ಟ. ಅವರಿಗೆ ಪೈಥಾಗೊರಸ್. (0, 1)ರಿಂದ (3, 3)ಕ್ಕೆ ದೂರದ ವರ್ಗ 9 + 4 = 13. (3, 3)ರಿಂದ (5, 0)ಕ್ಕೂ 13. (0, 1)ರಿಂದ (5, 0)ಕ್ಕೆ 25 + 1 = 26. ಹದಿಮೂರೂ ಹದಿಮೂರೂ ಇಪ್ಪತ್ತಾರು, (3, 3)ರಲ್ಲಿ ಲಂಬಕೋನ.

ಅದೇ ಗೆರೆಯ ಸಮೀಕರಣವನ್ನು 2ಎಕ್ಸ್ − 3ವೈ = −3 ಅಂತ ಕೊಟ್ಟರೆ ಸ್ಲೋಪ್ ಹುಡುಕುವ ಗೋಜೂ ಬೇಡ. ಎಕ್ಸ್, ವೈಗಳ ಮುಂದಿರುವ ಎರಡು ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ಬದಲಿಸಿ: 3ಎಕ್ಸ್ + 2ವೈ. ಬಿಂದು (3, 3) ಹಾಕಿದರೆ ಬಲಗಡೆ 15. ಎಕ್ಸ್ = 4, ವೈ = −1 ಥರದ ಜೋಡಿಗೆ ಮಾತ್ರ ಗುಣಲಬ್ಧದ ಮಾತು ನಡೆಯದು, ನಿಂತ ಗೆರೆಗೆ ಸ್ಲೋಪೇ ಇಲ್ಲವಲ್ಲ. ಅದು ಸುಮ್ನೆ ನೋಡಿದರೇ ಗೊತ್ತಾಗುತ್ತದೆ.

ನಿಜವಾಗಿ ಕಾಡುವುದು ಸ್ಕೇಲ್. ಹಾಳೆಯಲ್ಲಿ ಜಾಗ ಸಾಲದು ಅಂತ ಎಕ್ಸ್ ಅಕ್ಷಕ್ಕೆ 1 ಸೆಂ.ಮೀ. = 1 ಮಾನ, ವೈ ಅಕ್ಷಕ್ಕೆ 1 ಸೆಂ.ಮೀ. = 2 ಮಾನ ಅಂತ ತೆಗೆದುಕೊಳ್ಳುತ್ತಾರೆ. ಆಗ ಲೆಕ್ಕ ಸರಿ ಇದ್ದರೂ ಚಿತ್ರ ವಾಲುತ್ತದೆ. ಮೇಲಿನ ಎರಡು ಗೆರೆಗಳನ್ನೇ ಹಾಗೆ ಎಳೆದು ಕೋನಮಾಪಕ ಇಟ್ಟರೆ ನಡುವಿನ ಕೋನ ಸುಮಾರು 55 ಡಿಗ್ರಿ! ಕಾಗದದ ಮೇಲೆ 2/3 ಹೋಗಿ 1/3 ಆಗಿರುತ್ತದೆ, −3/2 ಹೋಗಿ −3/4. ಮಕ್ಕಳು ಸರಿಯಾದ ಉತ್ತರವನ್ನು ಅಳಿಸಿ ತಪ್ಪು ಬರೆಯುವುದು ಇಲ್ಲೇ. ಮೊಬೈಲಿನಲ್ಲಿ ಗ್ರಾಫ್ ಎಳೆಯುವ ಜಿಯೋಜೀಬ್ರಾ ಆ್ಯಪ್ ಬಳಸುವವರೂ ಎರಡು ಅಕ್ಷಗಳ ಅನುಪಾತ 1:1 ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು. ಬೇರೆ ಬೇರೆ ಸ್ಕೇಲ್ ಬಿಟ್ಟು ದಾರಿಯೇ ಇಲ್ಲ ಅನ್ನುವ ಕಡೆ ಸೆಟ್‌ಸ್ಕ್ವೇರನ್ನು ಬಾಕ್ಸಿನೊಳಗೆ ಹಾಕಿ, ಅಕ್ಷದ ಮೇಲೆ ಬರೆದಿರುವ ಅಂಕಿ ನೋಡಿ ಎಣಿಸಿ: ಎಡಕ್ಕೆ 2, ಮೇಲಕ್ಕೆ 3.