ಸಿಗ್ನಲ್ ಇಲ್ಲದಿದ್ದರೂ ತೆರೆಯಲಿ ಧಾರಣೆಯ ಪುಟ

ಮಳೆಗಾಲದಲ್ಲಿ ಆಗುಂಬೆ, ಹೊಸನಗರದ ಕಡೆ ಕರೆಂಟು ಹೋಯಿತೆಂದರೆ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅಡಿಕೆ ಧಾರಣೆಯ ಪುಟ ತೆರೆಯುವವರಿಗೆ ಬೇಕಾದದ್ದು ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲಿನ ನಾಲ್ಕು ಅಂಕಿ ಮಾತ್ರ. ಆ ನಾಲ್ಕು ಅಂಕಿಗಾಗಿ ಪುಟವನ್ನು ನಡೆಸುವ ಸ್ಕ್ರಿಪ್ಟ್, ಅದರ ರೂಪ ಹೇಳುವ ಸ್ಟೈಲ್‌ಶೀಟ್‌ಗಳೆಲ್ಲ ಪ್ರತಿ ಸಲವೂ ಘಟ್ಟ ಹತ್ತಿ ಬರಬೇಕಾಗಿಲ್ಲ. ಇಂಥ ಪುಟ ಕಟ್ಟುವವರು ಒಮ್ಮೆ ಬಂದದ್ದನ್ನು ನೋಡುಗರ ಮೊಬೈಲಿನಲ್ಲೇ ಉಳಿಸುವುದು ಹೀಗೆ.

ಮೊದಲು ಕಡತದ ಹೆಸರು. ‘ಸ್ಟೈಲ್.ಸಿಎಸ್ಎಸ್’ ಎಂದಷ್ಟೇ ಇಡಬೇಡಿ. ಕಡತದೊಳಗಿನ ಸಾಲುಗಳನ್ನೇ ಆಧರಿಸಿ ಲೆಕ್ಕಹಾಕಿದ ಗುರುತೊಂದು ಹೆಸರಿನಲ್ಲಿರಲಿ. ಒಂದು ಅಕ್ಷರ ತಿದ್ದಿದರೂ ಹೆಸರು ಬದಲಾಗುತ್ತದೆ. ತಾಣದ ಕಡತಗಳನ್ನು ಕಟ್ಟಿಕೊಡುವ ಸಾಧನಗಳಲ್ಲಿ ವೀಟ್ ಇದನ್ನು ತಾನಾಗಿಯೇ ಮಾಡುತ್ತದೆ, ವೆಬ್‌ಪ್ಯಾಕ್‌ನಲ್ಲಿ ‘ಕಂಟೆಂಟ್‌ಹ್ಯಾಶ್’ ಎಂದು ಸೂಚಿಸಬೇಕು.

ಈ ಹೆಜ್ಜೆಯನ್ನು ಬಿಟ್ಟು ನಾನು ಪಾಡು ಪಟ್ಟಿದ್ದೇನೆ. ಗುರುತಿಲ್ಲದ ಸ್ಟೈಲ್‌ಶೀಟಿಗೆ ಒಂದು ತಿಂಗಳ ಆಯಸ್ಸು ಕೊಟ್ಟಿದ್ದೆ. ನಡುವೆ ಪಟ್ಟಿಗೆ ಹೊಸ ಸಾಲು ಸೇರಿಸಿದೆ. ತೀರ್ಥಹಳ್ಳಿಯ ಪರಿಚಿತರೊಬ್ಬರ ಮೊಬೈಲಿನಲ್ಲಿ ಹೊಸ ಪುಟಕ್ಕೆ ಹಳೆಯ ಸ್ಟೈಲ್ ಕೂತು, ರಾಶಿಯ ದರ ಬೆಟ್ಟೆಯ ಕೆಳಗೆ ಕಾಣುತ್ತಿತ್ತು. ಸರ್ವರಿನಲ್ಲಿ ಏನು ತಿದ್ದಿದರೂ ಫಲವಿಲ್ಲ. ಅವಧಿ ಮುಗಿಯುವವರೆಗೆ ಮೊಬೈಲು ಸರ್ವರನ್ನು ಕೇಳುವುದೇ ಇಲ್ಲ. ಕಡತದ ಹೆಸರು ಬದಲಿಸಿದ ಮೇಲೆಯೇ ಸರಿಹೋಯಿತು.

ಗುರುತು ಹಾಕಿದ ಕಡತಗಳಿಗೆ ಸರ್ವರಿನಲ್ಲಿ ಕ್ಯಾಶ್-ಕಂಟ್ರೋಲ್ ಶಿರೋಲೇಖ (ಕಡತವನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕೆಂದು ಬ್ರೌಸರಿಗೆ ಹೇಳುವ ಸೂಚನೆ) ಕೊಡಿ: ಮ್ಯಾಕ್ಸ್-ಏಜ್ 31536000, ಜೊತೆಗೆ ಇಮ್ಯೂಟಬಲ್, ಅಂದರೆ ಬದಲಾಗದ್ದು. ಆ ಸಂಖ್ಯೆ 365 ದಿನಗಳ ಸೆಕೆಂಡುಗಳು. ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ನೋ-ಕ್ಯಾಶ್ ಇರಲಿ. ಹೆಸರು ನೋಡಿ ಮೋಸಹೋಗಬೇಡಿ: ಉಳಿಸಿಕೋ, ಆದರೆ ಬಳಸುವ ಮುನ್ನ ಕೇಳು ಎಂಬುದು ಅದರ ಅರ್ಥ. ಪುಟ ಬದಲಾಗಿರದಿದ್ದರೆ ಸರ್ವರು 304 ಎಂದಷ್ಟೇ ಉತ್ತರಿಸುತ್ತದೆ, ಪುಟವನ್ನು ಮತ್ತೆ ಕಳಿಸುವುದಿಲ್ಲ. ಉಳಿಸಲೇಬೇಡ ಎನ್ನುವುದು ನೋ-ಸ್ಟೋರ್.

ಸಿಗ್ನಲ್ ಪೂರ್ತಿ ಇಲ್ಲದಾಗ ನೆರವಾಗುವುದು ಸರ್ವಿಸ್ ವರ್ಕರ್, ಅಂದರೆ ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಂತು ಬ್ರೌಸರಿನಲ್ಲಿ ಓಡುವ ಸ್ಕ್ರಿಪ್ಟ್. ತಾಣ ಎಚ್‌ಟಿಟಿಪಿಎಸ್‌ನಲ್ಲಿರಬೇಕು. ‘ಇನ್‌ಸ್ಟಾಲ್’ ಹಂತದಲ್ಲಿ ಪುಟ, ಸ್ಕ್ರಿಪ್ಟ್, ಸ್ಟೈಲ್‌ಗಳನ್ನು ಉಳಿಸಿ. ‘ಆ್ಯಕ್ಟಿವೇಟ್’ ಹಂತದಲ್ಲಿ ಹಳೆಯದನ್ನು ಅಳಿಸಿ. ‘ಫೆಚ್’ ಬಂದಾಗ, ಅಂದರೆ ಪುಟ ಕಡತವನ್ನು ಕೇಳಿದಾಗ, ಉಳಿಸಿದ್ದನ್ನು ಕೊಡಿ. ವರ್ಕರ್ ಕಡತದ ಹೆಸರನ್ನು ಮಾತ್ರ ಎಂದೂ ಬದಲಿಸಬೇಡಿ.

ಧಾರಣೆಯ ಅಂಕಿಗಳಿಗೆ ಬೇರೆಯೇ ಕ್ರಮ. ಮೊದಲು ನೆಟ್‌ವರ್ಕನ್ನು ಕೇಳಿ, ಮೂರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಉಳಿಸಿದ್ದನ್ನು ತೋರಿಸಿ. ಒಂದೇ ಕಡ್ಡಿ ಸಿಗ್ನಲ್ ಇರುವ ಕಡೆ ಈ ಗಡುವು ಬಹಳ ಮುಖ್ಯ. ಇಲ್ಲವಾದರೆ ಪುಟ ಸುತ್ತುತ್ತಲೇ ಇರುತ್ತದೆ. ಹಳೆಯ ಅಂಕಿಯ ಪಕ್ಕದಲ್ಲಿ ಅದರ ದಿನಾಂಕ, ಸಮಯವನ್ನು ದಪ್ಪ ಅಕ್ಷರದಲ್ಲಿ ಹಾಕಲೇಬೇಕು. ಮೊನ್ನೆಯ ದರವನ್ನು ಇಂದಿನದೆಂದು ನಂಬಿ ಯಾರೂ ಮೂಟೆ ಏರಿಸಿಕೊಂಡು ಶಿವಮೊಗ್ಗದ ಮಂಡಿಗೆ ಹೊರಡಬಾರದು.

ಐಫೋನ್ ಬಳಸುವವರಿಗೆ ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳಲು ಹೇಳಿ. ಇಲ್ಲವಾದರೆ ಅದರ ಬ್ರೌಸರಾದ ಸಫಾರಿಯನ್ನು ಬಳಸುತ್ತಲೇ ಏಳು ದಿನ ಈ ಪುಟಕ್ಕೆ ಬರದಿದ್ದರೆ ಅದು ಉಳಿಸಿದ್ದನ್ನು ಅಳಿಸಿಬಿಡುತ್ತದೆ.

ಪರೀಕ್ಷೆಗೆ ಹಳೆಯ ಆಂಡ್ರಾಯ್ಡ್ ಮೊಬೈಲೊಂದು ಸಾಕು. ಪುಟವನ್ನು ಎರಡು ಸಲ ತೆರೆಯಿರಿ, ಏರೋಪ್ಲೇನ್ ಮೋಡ್ ಹಾಕಿ ಮೂರನೆಯ ಸಲ ತೆರೆಯಿರಿ. ಅಂಕಿಗಳು ತಂತಮ್ಮ ಜಾಗದಲ್ಲಿ, ದಿನಾಂಕದ ಸಮೇತ ಕಾಣಬೇಕು.