ಬೇವಿನೆಣ್ಣೆ ತೇಲಿದರೆ ಕೆಲಸ ಕೆಟ್ಟಿತು

‘ಬೇವಿನೆಣ್ಣೆ ಹೊಡೆದೆ. ಹುಳ ಹೋಗಲಿಲ್ಲ, ಎಲೆ ಮಾತ್ರ ಸುಟ್ಟುಹೋಯಿತು.’ ಈ ದೂರನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಗೆ ಹೊಡೆದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಬಾಟಲಿಗೆ ನೀರು ತುಂಬಿ, ಮೇಲೆ ಎಣ್ಣೆ ಸುರಿದು, ಎರಡು ಸಲ ಅಲ್ಲಾಡಿಸಿದ್ದು. ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇ ನಳಿಕೆ ತಳದಿಂದ ಹೀರುತ್ತದೆ. ಮೊದಲ ನಾಲ್ಕು ಗಿಡಕ್ಕೆ ಬರೀ ನೀರು, ಕೊನೆಯದಕ್ಕೆ ಎಣ್ಣೆ ಸ್ನಾನ. ಸುಡದೆ ಇನ್ನೇನಾಗುತ್ತದೆ?

ಮೊದಲು ಎಲೆ ತಿರುಗಿಸಿ ನೋಡಿ. ಚಿಗುರಿಗೆ ಮುತ್ತಿಕೊಂಡ ಹಸಿರು, ಕಪ್ಪು ಚುಕ್ಕಿಗಳು ಸಸ್ಯಹೇನು. ಹತ್ತಿ ಅಂಟಿಸಿದಂತೆ ಕಂಡರೆ ಹಿಟ್ಟು ತಿಗಣೆ. ಗಿಡ ಅಲ್ಲಾಡಿಸಿದಾಗ ಪುರ್ ಎಂದು ಹಾರಿದರೆ ಬಿಳಿ ನೊಣ. ಕಾಂಡದ ಮೇಲೆ ಇರುವೆ ಸಾಲು ಹರಿಯುತ್ತಿದ್ದರೂ ಅನುಮಾನಪಡಿ. ಸಸ್ಯಹೇನು ಹೊರಹಾಕುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಹಸು ಸಾಕಿದಂತೆ ಕಾಯುತ್ತವೆ. ಅವುಗಳ ನಡುವೆ ಪುಟ್ಟ ಮೊಸಳೆಯಂಥ, ಕಪ್ಪು ಮೈಮೇಲೆ ಕಿತ್ತಳೆ ಮಚ್ಚೆಯ ಮರಿ ಓಡಾಡುತ್ತಿದ್ದರೆ ದಯವಿಟ್ಟು ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಸಸ್ಯಹೇನನ್ನೇ ತಿಂದು ಬದುಕುವಂಥದ್ದು. ಅಂಥ ನಾಲ್ಕು ಮರಿ ಕಂಡರೆ ನಾನು ಆ ಗಿಡಕ್ಕೆ ಏನೂ ಹೊಡೆಯುವುದಿಲ್ಲ, ಒಂದು ವಾರ ಸುಮ್ನೆ ಬಿಡುತ್ತೇನೆ.

ನಂತರ ಪೈಪಿನ ನೀರನ್ನು ಜೋರಾಗಿ ಬಿಟ್ಟು ಎಲೆಯ ಅಡಿ ತೊಳೆಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಈಗ ಬೆರೆಸುವ ಕೆಲಸ. ಇಲ್ಲಿ ಅವಸರ ಮಾಡಬೇಡಿ. 1 ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಅಂದರೆ ಒಂದು ಟೀ ಚಮಚ ಸಾಕು. ಎಳೆ ಗಿಡಕ್ಕೆ ಅದರರ್ಧ. ಒಂದು ಸಣ್ಣ ಬಾಟಲಿಗೆ ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ. ಅದಕ್ಕೆ 1ರಿಂದ 2 ಮಿ.ಲೀ. ದ್ರವ ಸೋಪು ಸೇರಿಸಿ, ಮೆಲ್ಲಗೆ ಕಲಸಿ. ಸೋಪು ಕರಗಿದ ಮೇಲೆಯೇ ಎಣ್ಣೆ. ಈ ಕ್ರಮ ತಿರುಗುಮುರುಗು ಮಾಡಬೇಡಿ. ಮುಚ್ಚಳ ಬಿಗಿದು ಎರಡು ನಿಮಿಷ ಚೆನ್ನಾಗಿ ಕುಲುಕಿ. ತೆಳು ಹಾಲಿನಂತೆ ಬೆಳ್ಳಗಾಗಬೇಕು. ಆಯಿತೋ ಇಲ್ಲವೋ ತಿಳಿಯಲು ಒಂದು ಲೋಟ ನೀರಿಗೆ ನಾಲ್ಕು ಹನಿ ಬಿಟ್ಟು ನೋಡಿ. ಹೊಗೆಯಂತೆ ಹರಡಿ ಕರಗಿದರೆ ಸರಿ. ಮೇಲೆ ಹಳದಿ ಉಂಗುರಗಳು ತೇಲಿದರೆ ಇನ್ನೂ ಕುಲುಕಿ, ಬೇಕಾದರೆ ಇನ್ನೊಂದೆರಡು ಹನಿ ಸೋಪು ಹಾಕಿ. ಆಮೇಲೆ ಉಳಿದ ನೀರಿಗೆ ಸುರಿಯಿರಿ. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿ, ಒಲೆಯ ಮೇಲೆ ಇಡಬೇಡಿ.

ಸೋಪಿನ ಬಗ್ಗೆ ಒಂದು ಮಾತು. ಬಟ್ಟೆ ಪುಡಿ ಕಲಸಿದರೂ ಆಗುತ್ತದೆ ಎನ್ನುವವರಿದ್ದಾರೆ. ನಾನೂ ಒಮ್ಮೆ ನಂಬಿ ದಾಸವಾಳದ ಚಿಗುರೆಲ್ಲ ಕಂದಿಸಿಕೊಂಡೆ. ಡಿಟರ್ಜೆಂಟ್ ಎಲೆಯ ಮೇಣದ ಪದರವನ್ನೇ ತೆಗೆದುಬಿಡುತ್ತದೆ. ಗಿಡಕ್ಕೆಂದೇ ಮಾಡಿದ ಪೊಟ್ಯಾಶಿಯಂ ಸೋಪು ಒಳ್ಳೆಯದು. ಇನ್ನು ವಾಸನೆಯೇ ಇಲ್ಲದ ‘ಬೇವಿನೆಣ್ಣೆ’ ಸಿಕ್ಕರೆ ವಾಪಸ್ ಇಟ್ಟು ಬನ್ನಿ. ಗಾಣದ ಎಣ್ಣೆಗೆ ಘಾಟು ಇದ್ದೇ ಇರುತ್ತದೆ.

ಮೊದಲ ದಿನ ಎರಡೇ ಎಲೆಗೆ ಹಚ್ಚಿ, 24 ಗಂಟೆ ಕಾಯಿರಿ. ಎಲೆ ಚೆನ್ನಾಗಿದ್ದರೆ ಮರುದಿನ ಹೊಸದಾಗಿ ಬೆರೆಸಿ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಬಿಸಿಲಿದ್ದರೆ ಎಲೆ ಸುಡುತ್ತದೆ, ಎಣ್ಣೆಯಲ್ಲಿ ಹುಳದ ಮೇಲೆ ಕೆಲಸ ಮಾಡುವ ಅಂಶವಾದ ಅಜಾಡಿರಾಕ್ಟಿನ್ ಕೂಡ ಬೇಗ ಹಾಳಾಗುತ್ತದೆ. ಸಂಜೆ ಹೊತ್ತಿಗೆ ಜೇನ್ನೊಣಗಳೂ ಗೂಡಿಗೆ ಹೋಗಿರುತ್ತವೆ. ಹಾಗಿದ್ದರೂ ಅರಳಿದ ಹೂವಿಗೆ ಬೇಡ. ನಳಿಕೆಯ ಮೂತಿ ಮೇಲ್ಮುಖ ಮಾಡಿ, ಕೈಯನ್ನು ಗಿಡದ ಕೆಳಗೆ ತೂರಿಸಿ ಎಲೆಯ ಅಡಿಗೆ ಹೊಡೆಯಬೇಕು. ಮೇಲಿಂದ ಹೊಡೆದು ಮಿರಮಿರ ಹೊಳೆಯಿಸಿದರೆ ನೋಡಲು ಚೆಂದ, ಅಷ್ಟೇ. ಹುಳ ಇರುವುದೇ ಕೆಳಗಲ್ವಾ? ಹಿಟ್ಟು ತಿಗಣೆ ಜಾಸ್ತಿ ಇದ್ದರೆ ಮೊದಲು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಅದರ ಮೈಮೇಲಿನ ಮೇಣ ಸ್ಪ್ರೇಯನ್ನು ಒಳಗೆ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಹುಳ ಓಡಾಡುತ್ತಿದ್ದರೆ ಗಾಬರಿಯಾಗಿ ಎಣ್ಣೆ ದುಪ್ಪಟ್ಟು ಮಾಡಬೇಡಿ. ಬೇವು ತಕ್ಷಣ ಕೊಲ್ಲುವ ವಿಷವಲ್ಲ. ಹುಳ ತಿನ್ನುವುದು ಕಡಿಮೆಯಾಗುತ್ತದೆ, ಮರಿಗಳಿಗೆ ಪೊರೆ ಕಳಚಲು ಆಗುವುದಿಲ್ಲ. 7 ದಿನಕ್ಕೊಮ್ಮೆ 3 ಸಲ ಹೊಡೆಯಿರಿ. ನಡುವೆ ಮಳೆ ಬಂದು ತೊಳೆದರೆ ಆ ಸರದಿ ಮತ್ತೆ ಮಾಡಿ.

ಉಳಿದದ್ದನ್ನು ಮುಂದಿನ ವಾರಕ್ಕೆ ಎತ್ತಿಡಬೇಡಿ, ನೀರಿಗೆ ಬೆರೆತ ಮೇಲೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ಮೀನಿನ ತೊಟ್ಟಿಗೂ ಚೆಲ್ಲಬೇಡಿ. ಬಾಟಲಿಗೆ ಬಿಸಿ ಸೋಪುನೀರು ಹಾಕಿ ನಾಲ್ಕು ಸಲ ಒತ್ತಿ ತೊಳೆದಿಡಿ, ಇಲ್ಲದಿದ್ದರೆ ಎಣ್ಣೆ ಕಟ್ಟಿಕೊಂಡು ಎರಡನೇ ಸರದಿಗೆ ನಳಿಕೆ ಕೈಕೊಡುತ್ತದೆ.