ಕಡತದ ಡ್ರಾವರ್‌ಗೆ ಉಳಿ, ಬೈರಿಗೆ: ನನ್ನ ಅನುಭವ

ಸಾಗರದಲ್ಲಿರುವ ನನ್ನ ಮರಗೆಲಸದ ಶೆಡ್ಡಿಗೆ ಬಂದವರು ಮೊದಲು ಕೇಳುವುದು, ‘ಇದೇನು, ಕಚೇರಿ ತೆರೆದಿದ್ದೀರಾ?’ ಎಂದು. ನಾಲ್ಕು ಡ್ರಾವರ್‌ನ ಉಕ್ಕಿನ ಫೈಲಿಂಗ್ ಕ್ಯಾಬಿನೆಟ್, ನಕ್ಷೆಗಳನ್ನು ಇಡುತ್ತಿದ್ದ ತೇಗದ ಪೆಟ್ಟಿಗೆ, ಗ್ರಂಥಾಲಯದಲ್ಲಿ ಪುಸ್ತಕಗಳ ವಿವರದ ಕಾರ್ಡುಗಳನ್ನು ಇಡುತ್ತಿದ್ದ ಕಾರ್ಡ್ ಕ್ಯಾಟಲಾಗ್, ಮೇಜಿನ ಕೆಳಗೆ ಉರುಳುವ ಪೆಡೆಸ್ಟಲ್ ಎಂಬ ಚಿಕ್ಕ ಡ್ರಾವರ್ ಪೆಟ್ಟಿಗೆ, ಮೂಲೆಯಲ್ಲೊಂದು ಬೀರು. ಇವೆಲ್ಲವೂ ಹರಾಜಿನಲ್ಲೋ ಗುಜರಿ ಅಂಗಡಿಯಲ್ಲೋ ಸಿಕ್ಕವು. ಇದರಿಂದ ಹಣ ಉಳಿದದ್ದು ನಿಜ. ಆದರೆ ನಾನು ಇವನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣ ಬೇರೆ: ಕಾಗದಕ್ಕೆಂದು ಮಾಡಿದ ಡ್ರಾವರ್ ಭಾರ ಹೊರಲೆಂದೇ ತಯಾರಾಗಿರುತ್ತದೆ.

ಕಾಗದ ಹಗುರ ಎಂದುಕೊಳ್ಳುವವರು ಒಮ್ಮೆ ಲೆಕ್ಕ ಹಾಕಬೇಕು. 75 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ ಎ4 ಹಾಳೆಗಳ ಒಂದು ಕಟ್ಟು, ಅಂದರೆ 500 ಹಾಳೆ, ಸುಮಾರು 2.3 ಕಿಲೋ ತೂಗುತ್ತದೆ. ಐದು ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಎರಡು ಅಡಿ ಉದ್ದದ ಡ್ರಾವರ್‌ನಲ್ಲಿ ಕಾಗದವನ್ನು ಒತ್ತಾಗಿ ತುಂಬಿದರೆ 25 ಕಿಲೋ ದಾಟುತ್ತದೆ. ಅಷ್ಟು ಭಾರ ಹೊತ್ತುಕೊಂಡು ವರ್ಷಗಟ್ಟಲೆ ದಿನವೂ ಹತ್ತಾರು ಸಲ ಒಳಗೆ ಹೊರಗೆ ಜಾರಬೇಕೆಂದೇ ಆ ಹಳಿ, ಆ ಉರುಳೆಗಳನ್ನು ಮಾಡಿರುತ್ತಾರೆ. ಗ್ರೈಂಡರ್, ಡ್ರಿಲ್, ಜಿಗ್‌ಸಾ ಯಾವುದೂ ಅದಕ್ಕೆ ಭಾರವಲ್ಲ.

ಆದರೆ ಯಾವ ಡ್ರಾವರ್‌ನಲ್ಲಿ ಯಾವುದನ್ನು ಇಡಬೇಕು ಎಂಬುದನ್ನು ಡ್ರಾವರ್‌ನ ಆಳವೇ ನಿರ್ಧರಿಸಬೇಕು. ನನ್ನ ಮಟ್ಟಿಗೆ ನಿಯಮ ಒಂದೇ: ಒಂದು ಸಲಕರಣೆಯನ್ನು ತೆಗೆಯಲು ಇನ್ನೊಂದನ್ನು ಎತ್ತಬೇಕಾಗಿ ಬರಬಾರದು. ಆಳದ ಡ್ರಾವರ್‌ಗೆ ಉಳಿಗಳನ್ನು ಸುರಿದರೆ ಬಾಯಿಗೆ ಬಾಯಿ ತಾಗಿ ಮೊಂಡಾಗುತ್ತವೆ, ಹುಡುಕುವ ಕೈಯೂ ಕೊಯ್ದುಕೊಳ್ಳುತ್ತದೆ.

ಹಾಗಾಗಿ ಉಳಿಗಳಿಗೆ ತಕ್ಕ ಜಾಗ ನಕ್ಷೆಯ ಪೆಟ್ಟಿಗೆ. ಕಟ್ಟಡದ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಎಂಜಿನಿಯರುಗಳ ಕಚೇರಿಗಳಿಂದ ಇಂಥ ಪೆಟ್ಟಿಗೆಗಳು ಹೊರಬಿದ್ದವು. ನನ್ನದರಲ್ಲಿ ಎ1 ಹಾಳೆ, ಅಂದರೆ 594 ಮಿಲಿಮೀಟರ್ ಅಗಲ 841 ಮಿಲಿಮೀಟರ್ ಉದ್ದದ್ದು, ಮಡಿಸದೆ ಮಲಗುತ್ತದೆ. ಡ್ರಾವರ್‌ನ ಆಳ ಎರಡು ಇಂಚು ಮಾತ್ರ. ಒಂದರ ಮೇಲೊಂದು ಇಡಲು ಅವಕಾಶವೇ ಇಲ್ಲ. ಎಳೆದೊಡನೆ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಮೇಲಿನದರಲ್ಲಿ ಮೂಲೆಮಟ್ಟ, ಸೂಕ್ಷ್ಮ ಅಳತೆಯ ವರ್ನಿಯರ್, ಉಕ್ಕಿನ ಅಳತೆಪಟ್ಟಿ. ಎರಡನೆಯದರಲ್ಲಿ 6 ಮಿಲಿಮೀಟರಿನಿಂದ 38ರವರೆಗಿನ ಉಳಿಗಳು, ಪ್ರತಿಯೊಂದಕ್ಕೂ ಪ್ಲೈವುಡ್ಡಿನಲ್ಲಿ ಕೊರೆದ ಅದರದೇ ಹಾಸಿಗೆ. ಮೂರನೆಯದರಲ್ಲಿ ಅರಗಳು. ಅರದ ಹಲ್ಲಿಗೆ ಹಲ್ಲು ಉಜ್ಜಿದರೆ ಅರ ಹಾಳು, ಆದ್ದರಿಂದ ನಡುವೆ ಒಂದೊಂದು ಪಟ್ಟಿ ಹೊಡೆದಿದ್ದೇನೆ.

ಈ ಪೆಟ್ಟಿಗೆಯಲ್ಲಿ ಒಂದು ಎಚ್ಚರ ಬೇಕು. ಅಗಲವಾದ ಡ್ರಾವರ್‌ನ ತಳ ತೆಳು ಹಲಗೆಯದು. ಕಾಗದದ ಭಾರ ಸಮನಾಗಿ ಹರಡುತ್ತದೆ, ಕಬ್ಬಿಣದ ಭಾರ ಒಂದೆಡೆ ಕೂರುತ್ತದೆ. ಭಾರದ ವಸ್ತುಗಳನ್ನು ಎರಡೂ ಬದಿಗೆ, ಹಳಿಯ ಹತ್ತಿರ ಇಟ್ಟು ನಡುವಿಗೆ ಹಗುರವಾದವನ್ನು ಇಡಬೇಕು. ತಳದ ಅಡಿಗೆ ಅಡ್ಡಲಾಗಿ ಒಂದು ರೀಪರ್ ಅಂಟಿಸಿ ಸ್ಕ್ರೂ ಹಾಕಿದರೆ ಬಾಗುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಡ್ರಾವರ್ ಬಿಗಿಯುತ್ತದೆ. ಕೀಸುಳಿ ಹಿಡಿದು ಕೀಸಿಬಿಟ್ಟರೆ ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತದೆ. ಹಳಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು.

ಫೈಲಿಂಗ್ ಕ್ಯಾಬಿನೆಟ್ಟಿನ ಕತೆ ತಿರುಗುಮುರುಗು. ಅದರ ಡ್ರಾವರ್ ಹತ್ತು ಇಂಚಿನಷ್ಟು ಆಳ. ಅಲ್ಲಿ ಯಂತ್ರಗಳು ನಿಂತುಕೊಳ್ಳಬೇಕು, ಮಲಗಬಾರದು. 12 ಮಿಲಿಮೀಟರ್ ಪ್ಲೈವುಡ್ಡಿನಿಂದ ಗೂಡುಗಳನ್ನು ಮಾಡಿ ಡ್ರಿಲ್, ಮರದಲ್ಲಿ ಗಾಡಿ ಕೊರೆಯುವ ರೂಟರ್, ಗ್ರೈಂಡರ್‌ಗಳನ್ನು ನಿಲ್ಲಿಸಿದ್ದೇನೆ. ಒಂದೊಂದರ ವೈರು ಅದರದೇ ಗೂಡಿನಲ್ಲಿ ಸುತ್ತಿಕೊಂಡಿರುತ್ತದೆ. ಎರಡನೆಯ ಡ್ರಾವರ್‌ನಲ್ಲಿ ಅರ್ಧ ಎತ್ತರಕ್ಕೆ ಎರಡೂ ಬದಿಗೆ ಪಟ್ಟಿ ಕೊಟ್ಟು, ಅದರ ಮೇಲೆ ಹಿಂದಕ್ಕೆ ಮುಂದಕ್ಕೆ ಜಾರುವ ಅರ್ಧ ಉದ್ದದ ತಟ್ಟೆ ಕೂರಿಸಿದ್ದೇನೆ. ಮೇಲಿನ ತಟ್ಟೆಯಲ್ಲಿ ಯಂತ್ರಗಳ ಬ್ಲೇಡು, ಬಿಟ್‌ಗಳು. ಕೆಳಗೆ ಇಕ್ಕಳ, ಸ್ಪ್ಯಾನರ್. ತಟ್ಟೆಯನ್ನು ಹಿಂದಕ್ಕೆ ಸರಿಸಿದರೆ ಕೆಳಗಿನದು ತೆರೆದುಕೊಳ್ಳುತ್ತದೆ, ಯಾವುದನ್ನೂ ಎತ್ತುವ ಪ್ರಮೇಯವಿಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮೊದಲನೆಯ ಡ್ರಾವರ್. ಅದರಲ್ಲಿ ಫೈಲು ನೇತುಹಾಕುವ ಕಂಬಿಗಳು ಹಾಗೆಯೇ ಇವೆ, ಫೈಲುಗಳೂ ಇವೆ. ಅವುಗಳೊಳಗೆ ಸ್ಯಾಂಡ್‌ಪೇಪರ್! ಸ್ಯಾಂಡ್‌ಪೇಪರಿನ ಪೂರ್ಣ ಹಾಳೆ 230 ಮಿಲಿಮೀಟರ್ ಅಗಲ, 280 ಮಿಲಿಮೀಟರ್ ಉದ್ದ. ಫುಲ್‌ಸ್ಕೇಪ್ ಫೈಲಿನೊಳಗೆ ಅದು ಅಡ್ಡಲಾಗಿ ಸಲೀಸಾಗಿ ಕೂರುತ್ತದೆ. 60, 80, 120, 180, 240, 320, 400 ಎಂದು ಫೈಲಿನ ಕಿವಿಗಳ ಮೇಲೆ ಬರೆದಿದೆ; ಸಂಖ್ಯೆ ಹೆಚ್ಚಿದಷ್ಟೂ ಹಾಳೆಯ ಕಣ ನಯ. ಸುರುಳಿ ಸುತ್ತಿಕೊಳ್ಳುವುದಿಲ್ಲ, ಒರಟು ಹಾಳೆಯ ಕಣ ನಯವಾದ ಹಾಳೆಗೆ ಅಂಟುವುದಿಲ್ಲ. ಪಾಲಿಶ್ ಮಾಡುವವರಿಗೆ ಇದರ ಬೆಲೆ ಗೊತ್ತು: 400ರ ಹಾಳೆಯಲ್ಲಿ 80ರ ಒಂದೇ ಒಂದು ಕಣ ಸಿಕ್ಕಿಕೊಂಡಿದ್ದರೂ ಮೇಜಿನ ಮೇಲೆ ಗೀರು ಬೀಳುತ್ತದೆ. ಉಳಿದ ಫೈಲುಗಳಲ್ಲಿ ವೆನೀರ್ ಎಂಬ ತೆಳು ಮರದ ಹಾಳೆಯ ತುಂಡು, ಗಿರಾಕಿಗಳ ನಕ್ಷೆ, ಕತ್ತರಿಸಿಟ್ಟ ರಟ್ಟಿನ ಮಾದರಿಗಳೂ ಸೇರಿಕೊಂಡಿವೆ.

ಇನ್ನು ಸುರಕ್ಷತೆ. ನಾಲ್ಕು ಡ್ರಾವರ್‌ನ ಕ್ಯಾಬಿನೆಟ್ ಎತ್ತರವಾದದ್ದು, ಆದರೆ ಅಗಲ ಕಡಿಮೆ. ಮೇಲಿನ ಎರಡನ್ನು ಒಟ್ಟಿಗೆ ಎಳೆದರೆ ಭಾರವೆಲ್ಲ ಮುಂದಕ್ಕೆ ಬಂದು ಇಡಿಯ ಕ್ಯಾಬಿನೆಟ್ ಮೈಮೇಲೆ ಬೀಳಬಹುದು. ಒಂದು ತೆರೆದಾಗ ಉಳಿದವು ತೆರೆಯದಂತೆ ತಡೆಯುವ ವ್ಯವಸ್ಥೆ ಎಷ್ಟೋ ಮಾದರಿಗಳಲ್ಲಿದೆ. ಹಳೆಯವುಗಳಲ್ಲಿ ಇಲ್ಲದಿರಬಹುದು, ಕೊಳ್ಳುವಾಗಲೇ ಎಳೆದು ಪರೀಕ್ಷಿಸಿ. ಏನೇ ಇರಲಿ, ಅತಿ ಭಾರದ್ದು ಕೆಳಗಿನ ಡ್ರಾವರ್‌ಗೆ, ಮತ್ತು ಕ್ಯಾಬಿನೆಟ್ಟಿನ ಬೆನ್ನನ್ನು ಗೋಡೆಗೆ ಬಿಗಿಯಲೇಬೇಕು. ನಮ್ಮ ಕಡೆ ಗೋಡೆ ಜಂಬಿಟ್ಟಿಗೆಯದು. ಅದರಲ್ಲಿ ಆ್ಯಂಕರ್ ಬೋಲ್ಟ್ ಹಿಡಿತ ನಂಬುವಂಥದಲ್ಲ, ಕಲ್ಲು ಪುಡಿಯಾಗಿ ಸಡಿಲಾಗುತ್ತದೆ. ನಾನು ಶೆಡ್ಡಿನ ಎರಡು ಮರದ ಕಂಬಗಳ ನಡುವೆ ಅಡ್ಡ ಹಲಗೆ ಕೊಟ್ಟು, ಅದಕ್ಕೆ ಕ್ಯಾಬಿನೆಟ್ಟನ್ನು ಬೋಲ್ಟ್ ಮಾಡಿದ್ದೇನೆ. ಕೆಲಸ ಕಲಿಯುವ ಹುಡುಗರು ಓಡಾಡುವ ಜಾಗದಲ್ಲಿ ಇದನ್ನು ನಾಳೆಗೆ ಮುಂದೂಡುವಂತಿಲ್ಲ.

ಪೆಡೆಸ್ಟಲ್ ಬೆಂಗಳೂರಿನ ಕಡೆಯಿಂದ ಬಂದದ್ದು. ಕೊರೋನಾ ನಂತರ ಕಚೇರಿಗಳು ಜಾಗ ಕಡಿಮೆ ಮಾಡಿದಾಗ ಇವು ಹಳೆ ಸಾಮಾನಿನ ಅಂಗಡಿಗಳಿಗೆ ಬಂದವು. ಮೇಲೆ ಎರಡು ಚಿಕ್ಕ ಡ್ರಾವರ್, ಕೆಳಗೆ ಒಂದು ಫೈಲಿನ ಡ್ರಾವರ್, ಅಡಿಯಲ್ಲಿ ಚಕ್ರ. ಕೆಲವುಗಳಲ್ಲಿ ಫೈಲಿನ ಡ್ರಾವರ್‌ನ ಮುಂಭಾಗದ ಅಡಿಯಲ್ಲಿ ಐದನೆಯ ಚಕ್ರ ಇರುತ್ತದೆ. ಡ್ರಾವರ್ ಎಳೆದಾಗ ಮುಗ್ಗರಿಸದಂತೆ ತಡೆಯುವುದು ಅದೇ. ಅದು ಮುರಿದಿದ್ದರೆ ಕೊಳ್ಳಬೇಡಿ. ಯಂತ್ರದ ಬಳಿಯಿಂದ ಜೋಡಣೆಯ ಮೇಜಿನ ಬಳಿಗೆ ನಾನು ಇದನ್ನು ಉರುಳಿಸಿಕೊಂಡು ಹೋಗುತ್ತೇನೆ.

ಕಾರ್ಡ್ ಕ್ಯಾಟಲಾಗ್ ಎಂಬುದು ಮೊಳೆ ಸ್ಕ್ರೂಗಳಿಗಾಗಿಯೇ ಮಾಡಿದಂತಿದೆ. ಮೂರು ಇಂಚು ಐದು ಇಂಚಿನ ಕಾರ್ಡುಗಳ ಅಳತೆಗೆ ಮಾಡಿದ ಕಿರಿದಾದ ಉದ್ದ ಡ್ರಾವರ್‌ಗಳು, ಮುಂದೆ ಹಿತ್ತಾಳೆಯ ಹಿಡಿ, ಹಿಡಿಯ ಮೇಲೆ ಚೀಟಿ ಸಿಕ್ಕಿಸುವ ಚೌಕಟ್ಟು. ಕಾರ್ಡುಗಳನ್ನು ಪೋಣಿಸಿದ್ದ ಕಂಬಿಯನ್ನು ಬಿಚ್ಚಿದರೆ ಜಾಗ ಪೂರ್ತಿ ಸಿಗುತ್ತದೆ. ಈ ಡ್ರಾವರ್‌ಗಳು ಪೂರ್ತಿ ಹೊರಗೆ ಬರುತ್ತವೆ ಎಂಬುದೇ ದೊಡ್ಡ ಅನುಕೂಲ: ‘ಮುಕ್ಕಾಲು ಇಂಚು, 8 ನಂಬರ್’ ಎಂದರೆ ಹುಡುಗ ಆ ಡ್ರಾವರನ್ನೇ ಕೆಲಸದ ಜಾಗಕ್ಕೆ ತರುತ್ತಾನೆ, ಮುಗಿದ ಮೇಲೆ ಗೂಡಿಗೆ ಸೇರಿಸುತ್ತಾನೆ. ಒಂದು ಸಾಲು ಅರ್ಧದಿಂದ ಎರಡು ಇಂಚಿನವರೆಗಿನ ಸ್ಕ್ರೂ, ಒಂದು ಸಾಲು ಮೊಳೆ, ಒಂದು ಸಾಲು ಡ್ರಿಲ್ ಬಿಟ್. 1ರಿಂದ 13 ಮಿಲಿಮೀಟರ್‌ವರೆಗೆ ಅರ್ಧರ್ಧ ಮಿಲಿಮೀಟರಿನಂತೆ 25 ಅಳತೆಗಳಾಗುತ್ತವೆ. ಮರದ ತುಂಡಿನಲ್ಲಿ ತೂತು ಕೊರೆದು ಸಾಲಾಗಿ ನಿಲ್ಲಿಸಿದ್ದೇನೆ, ಖಾಲಿ ತೂತು ಕಂಡರೆ ಯಾವುದು ಕಾಣೆಯಾಗಿದೆ ಎಂದು ಕೂಡಲೇ ತಿಳಿಯುತ್ತದೆ. ಡ್ರಾವರ್ ತುಂಬ ಸ್ಕ್ರೂ ಸುರಿಯಬೇಡಿ, ತಳ ಕಿತ್ತುಬರುತ್ತದೆ. ಅರ್ಧ ತುಂಬಿದರೆ ಸಾಕು.

ಬೀರು ಕೊಳ್ಳುವಾಗ ತಗಡಿನ ದಪ್ಪ ನೋಡಿ. 20 ಗೇಜ್ ಎಂದರೆ 0.9 ಮಿಲಿಮೀಟರ್, 22 ಎಂದರೆ 0.7. ಅದಕ್ಕಿಂತ ತೆಳುವಾದ ಬಾಗಿಲಿಗೆ ಏನನ್ನೂ ನೇತುಹಾಕಲಾಗದು. ಕೈಗರಗಸಗಳು ಫೈಲಿನ ಡ್ರಾವರ್‌ಗೆ ಹಿಡಿಸದಷ್ಟು ಉದ್ದವಾದ್ದರಿಂದ ಬೀರುವಿನ ಬಾಗಿಲ ಒಳಮೈಗೆ ಹಲಗೆ ಹೊಡೆದು ಅಲ್ಲಿ ತೂಗುಹಾಕಿದ್ದೇನೆ. ಅಡಿಭಾಗವನ್ನು ಬಗ್ಗಿ ನೋಡದೆ ದುಡ್ಡು ಎಣಿಸಬೇಡಿ. ನೆಲ ಒರೆಸಿದ ನೀರು ವರ್ಷಾನುಗಟ್ಟಲೆ ತಾಗಿ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಬೀಗದ ಕೈ ಇಲ್ಲದಿದ್ದರೆ ಚಿಂತೆಯಿಲ್ಲ, ಬೀಗದ ಗುಂಡಿಯನ್ನು ಬದಲಿಸಬಹುದು. ಬಾಗಿದ ಹಳಿ ಮಾತ್ರ ಸರಿಹೋಗುವುದಿಲ್ಲ.

ಮಲೆನಾಡಿನಲ್ಲಿ ಉಕ್ಕಿನ ಪೆಟ್ಟಿಗೆ ಎಂದೊಡನೆ ತುಕ್ಕಿನ ಮಾತು ಬರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ರಾತ್ರಿ ತಣ್ಣಗಾದ ಕಬ್ಬಿಣದ ಮೇಲೆ ಬೆಳಗಿನ ಬೆಚ್ಚನೆಯ ಒದ್ದೆ ಗಾಳಿ ತಾಗಿದಾಗ ನೀರು ಕಟ್ಟುತ್ತದೆ. ಎಲ್ಲ ಕ್ಯಾಬಿನೆಟ್‌ಗಳನ್ನೂ ನೆಲದಿಂದ ನಾಲ್ಕು ಇಂಚು ಎತ್ತರಿಸಿದ್ದೇನೆ. ಬೀರುವಿನ ತಳದಲ್ಲಿ 15 ವಾಟಿನ ಹಳೆಯ ಕಾಲದ ತಂತಿ ಬಲ್ಬು ಮಳೆಗಾಲವಿಡೀ ಉರಿಯುತ್ತದೆ. ಒಳಗಿನ ಬಿಸಿ ಹೊರಗಿಗಿಂತ ಸ್ವಲ್ಪ ಹೆಚ್ಚಿದ್ದರೆ ಉಕ್ಕಿನ ಮೇಲೆ ನೀರು ಕಟ್ಟುವುದಿಲ್ಲ. ಎಲ್‌ಇಡಿ ಈ ಕೆಲಸಕ್ಕೆ ಬಾರದು, ಅದರಲ್ಲಿ ಬಿಸಿ ಸಾಲದು. ಡ್ರಾವರ್‌ಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲ, ಅದರ ಬಣ್ಣ ತಿರುಗಿದಾಗ ಹರಳುಗಳನ್ನು ಓವನ್ನಿನಲ್ಲಿ ಒಣಗಿಸಿ ಮತ್ತೆ ಇಡುತ್ತೇನೆ. ಉಳಿ, ಕೀಸುಳಿಗಳಿಗೆ ಹೊಲಿಗೆ ಯಂತ್ರದ ಎಣ್ಣೆಯ ತೆಳು ಲೇಪ. ಡ್ರಾವರ್‌ಗೆ ಬಟ್ಟೆ ಅಥವಾ ಸ್ಪಂಜು ಹಾಸುವುದು ನನಗೆ ಒಪ್ಪಿಗೆಯಿಲ್ಲ, ಅವು ತೇವ ಹೀರಿಕೊಂಡು ಕೂರುತ್ತವೆ.

ಸಲಕರಣೆಗಳ ಜೊತೆಗೆ ಇಡಬಾರದವೂ ಇವೆ. ವಿನಿಗರ್ ವಾಸನೆಯ ಸಿಲಿಕೋನ್ ಸೀಲಂಟ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್, ಇವುಗಳ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಉಕ್ಕನ್ನು ತಿನ್ನುತ್ತದೆ. ಥಿನ್ನರ್, ಸ್ಪಿರಿಟ್, ಪಾಲಿಶ್ ಡಬ್ಬಿಗಳನ್ನು ಬಲ್ಬು ಉರಿಯುವ ಬೀರುವಿನಲ್ಲಿ ಎಂದೂ ಇಡಬಾರದು. ಅವಕ್ಕೆ ಗಾಳಿಯಾಡುವ ಬೇರೆ ಜಾಗ ಮಾಡಿದ್ದೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಡ್ರಾವರ್‌ನಲ್ಲಿ ಬಿಟ್ಟರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಬೇಕು.